ಪಾಕದ ಸದ್ದು

ಬೆಲ್ಲ ಕುದಿಯುವಾಗ ಯಾರೂ ಮಾತಾಡಕೂಡದು,
ಅದು ನಂಜಾಜತ್ತೆಯ ಕಾನೂನು.
ಅವಳ ಕಿವಿ ಹೋಗಿ ಆರು ವರ್ಷವಾಗಿತ್ತು,
ಕಾನೂನು ಹಾಗೇ ಇತ್ತು.

ಅರಸೀಕೆರೆ ರೈಲ್ವೆ ಕ್ವಾರ್ಟರ್ಸು, ಎರಡನೇ ಸಾಲು.
ಕಿಟಕಿ ತೆಗೆದರೆ ಹಳಿ, ಮುಚ್ಚಿದರೂ ಹಳಿ.
ಬೆಳಿಗ್ಗೆಯೇ ಎರಡು ಸೇರು ಕಡಲೆಬೀಜ
ಮರಳಿನ ಜೊತೆ ಹುರಿದು, ಜರಡಿ ಆಡಿಸಿ,
ಗೋಣಿತಾಟಿನಲ್ಲಿ ಸುತ್ತಿ ಅಂಗೈಯಲ್ಲಿ ತಿಕ್ಕಿ
ಹಿತ್ತಲಲ್ಲಿ ನಿಂತು ಮೊರದಲ್ಲಿ ಕೇರಿದಳು.
ಕೆಂಪು ಸಿಪ್ಪೆಯೆಲ್ಲ ಗಾಳಿಗೆ ಎದ್ದು
ಖೈರುನ್ನೀಸಾಬಿ ಒಣಹಾಕಿದ್ದ ಬಿಳಿ ಚಾದರಕ್ಕೆ.
ಗೋಡೆಯಾಚೆಯಿಂದ ಬೈಗುಳ.
ಅತ್ತೆ ನಕ್ಕು ಕೈ ಬೀಸಿದಳು
'ಊಟ ಆಯ್ತಾ' ಅಂತ ಕೇಳಿದ್ದಕ್ಕೆ ಬೀಸುವ ಹಾಗೆ.

ಬೀಜ ಆರಿಸುವುದು ನನ್ನ ಪಾಲು.
ಸುಕ್ಕಿದ್ದು, ಸೀದದ್ದು, ಮುಗ್ಗಲು.
"ಒಂದೇ ಒಂದು ಮುಗ್ಗಲು ಸಾಕು,
ತಟ್ಟೇನೆಲ್ಲ ಕೆಡಿಸ್ತದೆ."
ಎಸೆಯಲು ಮನಸ್ಸಾಗದೆ
ಒಂದೆರಡು ನುಂಗಿದ್ದೂ ಉಂಟು.

ಬೆಲ್ಲ ಕರಗಿತು. ಸೋಸಿದ ಬಟ್ಟೆಯಲ್ಲಿ
ಕಬ್ಬಿನ ನಾರು, ಸಣ್ಣದೊಂದು ಕಲ್ಲು, ಯಾವುದೋ ನೊಣದ ರೆಕ್ಕೆ.
ಮತ್ತೆ ಒಲೆಗೆ.
ಮೊದಲು ನೊರೆ ಅವಸರದಲ್ಲಿ ಏರಿ ಏರಿ ಬಂತು,
ಆಮೇಲೆ ಗುಳ್ಳೆ ದಪ್ಪವಾಗಿ, ಸೋಮಾರಿಯಾಗಿ,
ಊಟವಾದ ಮೇಲಿನ ಗಂಡಸರಂತೆ
ಒಂದೊಂದೇ ನಿಟ್ಟುಸಿರು ಬಿಟ್ಟಿತು.

ನೀರಿನ ಬಟ್ಟಲಿಗೆ ಒಂದು ತೊಟ್ಟು.
ಕರಗಿತು, ಎಳಸು.
ಇನ್ನೊಂದು. ಬೆರಳಿಗೆ ಉಂಡೆ ಬಂತು.
"ಇದು ತಂಬಿಟ್ಟಿನ ಪಾಕ, ಮಿಠಾಯಿದಲ್ಲ."
ಮತ್ತೊಂದು ನೀರಲ್ಲೇ ಗಟ್ಟಿಯಾಯಿತು.
ತೆಗೆದು ಹಿತ್ತಾಳೆ ತಟ್ಟೆಗೆ ಎಸೆದು
ನನ್ನ ಮುಖ ನೋಡಿದಳು.

ಟಣ್ ಅನ್ನಬೇಕು.
ಅಂದದ್ದನ್ನು ನಾನು ಹೇಳಬೇಕು.
ಮೊದಲು ಅಕ್ಕ ಹೇಳುತ್ತಿದ್ದಳು,
ಅವಳು ತಿಪಟೂರಿಗೆ ಮದುವೆಯಾಗಿ ಹೋದಮೇಲೆ
ಆ ಮಿಠಾಯಿಯ ಕಿವಿ ನಾನು.
ಇಲ್ಲ, ಎಂದು ತಲೆಯಾಡಿಸಿದೆ. ಟಪ್ ಅಂದಿತ್ತು ಅಷ್ಟೆ.

ಮುಂದಿನ ಹನಿಗೆ ಸರಿಯಾಗಿ
ಹುಬ್ಬಳ್ಳಿ ಕಡೆಯ ಗೂಡ್ಸು ಬಂತು.
ಮುಗಿಯದ ಗೂಡ್ಸು.
ಗೂಡಿನ ಲೋಟಗಳು ಒಂದನ್ನೊಂದು ಗುದ್ದಿದವು.
ಹನಿ ತಟ್ಟೆಗೆ ಬಿದ್ದು ಪುಟಿದದ್ದು ಕಂಡೆ,
ಕಂಡದ್ದಷ್ಟೆ.
ಬೆಲ್ಲದ ವಾಸನೆ ಗಂಟಲಿಗಿಳಿದಿತ್ತು. ಹಸಿವು.
ಹೂಂ, ಎಂದು ಜೋರಾಗಿ ತಲೆ ಹಾಕಿದೆ.

ಒಂದು ಗಳಿಗೆ ನೋಡಿದಳು ನನ್ನನ್ನೇ.
ಬೀಜ ಸುರಿದಳು, ತೊಳಸಿದಳು,
ತುಪ್ಪ ಸವರಿದ ಕಲ್ಲಿಗೆ ಬಗ್ಗಿಸಿ ಲಟ್ಟಣಿಗೆ ಓಡಿಸಿದಳು,
ಬಿಸಿಯಿರುವಾಗಲೇ ಚಾಕುವಿನಿಂದ ಗೆರೆ ಎಳೆದಳು.
ಅವು ಎಷ್ಟು ನೇರ ಇದ್ದವು ಆ ಗೆರೆ.

ಸಂಜೆ ಮಿಠಾಯಿ ಮುರಿಯಲಿಲ್ಲ. ಬಾಗಿತು.
ಎದುರುಮನೆ ಗಾರ್ಡ್ ಡಿಸಿಲ್ವರ ಕಟ್ಟಿಸಿದ ಹಲ್ಲು
ಅದರಲ್ಲೇ ಕಚ್ಚಿಕೊಂಡು ಈಚೆಗೆ ಬಂತು.
ಖೈರುನ್ನೀಸಾಬಿ ಮಾತ್ರ ಸಿಪ್ಪೆಯ ಸಿಟ್ಟು ಮರೆತು
ಚೀಪುತ್ತಾ ಚೀಪುತ್ತಾ ಮಗ್ರಿಬ್‌ವರೆಗೂ ಕೂತಿದ್ದರು.

ರಾತ್ರಿ ಪಕ್ಕದಲ್ಲಿ ಕೂತು ಅತ್ತೆ ಕೇಳಿದಳು,
ಇಡೀ ಸಾಲಿಗೆ ಕೇಳುವ ಅವಳ ಪಿಸುಮಾತಿನಲ್ಲಿ:
"ನೆಲ ಅದುರ್ತಿತ್ತು ಮಗಾ, ನನ್ನ ಅಂಗಾಲಿಗೇ ಗೊತ್ತಾಯ್ತು.
ಅಷ್ಟು ದೊಡ್ಡ ರೈಲೊಳಗೆ
ನಿಂಗೆ ಹೆಂಗೆ ಕೇಳಿಸ್ತು?"

ಮತ್ತೆ ಯಾಕೆ ಇಳಿಸಿದೆ, ಎಂದು ಕೈಯಲ್ಲೇ ಕೇಳಿದೆ.

"ನೀನು ಹೂಂ ಅಂದ್ಯಲ್ಲ."

ಬೈದಿದ್ದರೆ ಮರೆಯುತ್ತಿದ್ದೆನೇನೋ.
ಮರುದಿನ ಅದನ್ನೇ ಒರಳಲ್ಲಿ ಕುಟ್ಟಿ
ಕೊಬ್ಬರಿ ತುರಿ ಬೆರೆಸಿ ಉಂಡೆ ಕಟ್ಟಿದಳು.
ಉಂಡೆ ಚೆನ್ನಾಗಿತ್ತು. ಅದೂ ಒಂದು ಕಷ್ಟವೇ.

ಈಗ ನನ್ನದು ಗ್ಯಾಸಿನ ಒಲೆ,
ಮನೆ ಹಾಸನದ ರಸ್ತೆಗೆ, ಹಳಿ ದೂರ.
ತಟ್ಟೆ ಅವಳದೇ, ಅಂಚು ತಗ್ಗಿದೆ.
ಹನಿ ಎಸೆಯುತ್ತೇನೆ.
ಟಣ್.
ಸ್ಪಷ್ಟವಾಗಿ, ಯಾರು ಕೇಳಿದರೂ ಹೇಳಬಹುದು.

ಆದರೂ ಚಪ್ಪಲಿ ಕಳಚಿ
ನೆಲಕ್ಕೆ ಅಂಗಾಲೂರಿ ನಿಂತು
ಇನ್ನೊಂದು ಹನಿ ಎಸೆಯುತ್ತೇನೆ.